ನದಿಯ ಕೆಳಗಿನ ಊರಲ್ಲಿ ಓದು

ಮಂಡ್ಯ ಜಿಲ್ಲೆಯ ರೈತರ ಮನೆಯಲ್ಲಿ ಹುಟ್ಟಿದವರಿಗೆ 124.80 ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಕೃಷ್ಣರಾಜಸಾಗರ ತುಂಬಿತು ಎನ್ನುವ ಅಡಿಲೆಕ್ಕ ಅದು. ಮಳೆಗಾಲದಲ್ಲಿ ನಮ್ಮಪ್ಪ ಪೇಪರು ಬಿಡಿಸಿದ ಕೂಡಲೇ ಹುಡುಕುವುದು ಅಣೆಕಟ್ಟೆಯ ಮಟ್ಟವನ್ನೇ. ನಮ್ಮದು ಮದ್ದೂರು ತಾಲ್ಲೂಕು, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ಅದು ಮೇಲಿನವರ ಗದ್ದೆಗಳನ್ನೆಲ್ಲ ದಾಟಿ ನಮ್ಮ ತೂಬಿಗೆ ಬರುವಷ್ಟರಲ್ಲಿ ನಾಲೆ ಸೊರಗಿರುತ್ತದೆ. ಕಾವೇರಿ ವಿವಾದವನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಮನೆಯ ಮಾತಿನಲ್ಲಿ ಕೇಳಿ ಬೆಳೆದವಳು.

ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ಸ್ವಲ್ಪ ಕಾಲ ಕೆಲಸ ಮಾಡಿ, ನೀರಿನ ನಿರ್ವಹಣೆಯಲ್ಲಿ ಎಂ.ಎಸ್ಸಿ. ಮಾಡಲು ನಾನು ಹೋದದ್ದು ನೆದರ್ಲೆಂಡ್ಸ್‌ನ ಡೆಲ್ಫ್ಟ್ ಪಟ್ಟಣಕ್ಕೆ. ಅಲ್ಲಿನ ಐಎಚ್‌ಇ ಸಂಸ್ಥೆ 1957ರಿಂದ ನೀರಿನ ವಿದ್ಯೆಯನ್ನೇ ಕಲಿಸುತ್ತಿದೆ. ಆಲ್ಪ್ಸ್ ಬೆಟ್ಟಗಳಲ್ಲಿ ಹುಟ್ಟುವ ರೈನ್ ನದಿ ಸುಮಾರು 1,230 ಕಿ.ಮೀ. ಹರಿದು ಈ ದೇಶದಲ್ಲೇ ಸಮುದ್ರ ಸೇರುತ್ತದೆ. ಮೇಲಿನವರು ಬಿಟ್ಟ ನೀರು, ಮೇಲಿನವರು ಬಿಟ್ಟ ಕೊಳಕು ಎರಡೂ ಬರುವುದು ಇಲ್ಲಿಗೇ. ಕಾವೇರಿಯ ಮೇಲಿನ ರಾಜ್ಯದಿಂದ ಹೋದ ನಾನು ಕೆಳಗಿನ ದೇಶದಲ್ಲಿ ಕುಳಿತು ನದಿಯನ್ನು ಓದತೊಡಗಿದೆ. ವಿದೇಶದ ಓದು ಮನಸ್ಸನ್ನು ವಿಶಾಲಗೊಳಿಸುತ್ತದೆ ಎನ್ನುತ್ತಾರಲ್ಲ, ನನ್ನ ಪಾಲಿಗೆ ಅದು ನಡೆದದ್ದು ನಿಂತ ಜಾಗ ಬದಲಾದದ್ದರಿಂದ.

ರೈನ್ ನದಿಯ ಕಥೆಯನ್ನೇ ನೋಡಿ. ಫ್ರಾನ್ಸಿನ ಅಲ್ಸೇಸ್ ಪ್ರಾಂತದ ಪೊಟ್ಯಾಶ್ ಗಣಿಗಳು ದಶಕಗಳ ಕಾಲ ಉಪ್ಪಿನ ತ್ಯಾಜ್ಯವನ್ನು ನದಿಗೆ ಸುರಿದವು. ಕೆಳಗಿನ ಡಚ್ ತೋಟಗಾರರ ಬೆಳೆಗೆ ಪೆಟ್ಟು ಬಿತ್ತು, ಅವರು ಕೋರ್ಟಿಗೆ ಹೋದರು. 1976ರಲ್ಲಿ ಬಾನ್‌ನಲ್ಲಿ ಒಪ್ಪಂದವಾದಾಗ ಉಪ್ಪು ತಗ್ಗಿಸುವ ಖರ್ಚಿನಲ್ಲಿ ಫ್ರಾನ್ಸ್ ಮತ್ತು ಜರ್ಮನಿಗೆ ತಲಾ ಶೇ 30, ಸ್ವಿಟ್ಜರ್ಲೆಂಡಿಗೆ ಶೇ 6. ಉಳಿದ ಶೇ 34 ಯಾರದು? ತೊಂದರೆ ಅನುಭವಿಸುತ್ತಿದ್ದ ನೆದರ್ಲೆಂಡ್ಸ್‌ನದೇ. ಇದನ್ನು ತರಗತಿಯಲ್ಲಿ ಕೇಳಿದಾಗ ನನಗೆ ಸಿಟ್ಟೇ ಬಂತು. ಅನ್ಯಾಯವಾದವರೇ ಹೆಚ್ಚು ದುಡ್ಡು ಕೊಡುವುದೇ? ಒಪ್ಪಂದದ ನಂತರವೂ ಜಗಳ ವರ್ಷಗಟ್ಟಲೆ ನಡೆಯಿತು. ಆದರೆ ಮಾತುಕತೆ ಮುರಿಯಲಿಲ್ಲ. ನದಿಯ ರಕ್ಷಣೆಗೆ ಐದು ದೇಶಗಳು ಸೇರಿ 1950ರಲ್ಲೇ ಒಂದು ಆಯೋಗ ಮಾಡಿಕೊಂಡಿದ್ದವು. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿ ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದು, ನಂದಿಸಿದ ನೀರಿನ ಜೊತೆ ಕೀಟನಾಶಕ ನದಿಗೆ ಹರಿದು, ರೈನ್ ಕೆಂಪಾಗಿ, ಮೀನುಗಳು ರಾಶಿರಾಶಿಯಾಗಿ ಸತ್ತವು. ಮರುವರ್ಷವೇ ಆ ದೇಶಗಳು ಒಂದೇ ಕಾರ್ಯಕ್ರಮಕ್ಕೆ ಒಪ್ಪಿದವು. 2000ದ ಹೊತ್ತಿಗೆ ಸಾಲ್ಮನ್ ಮೀನು ನದಿಗೆ ಮರಳಬೇಕು ಎಂಬ ಗುರಿ ಇಟ್ಟುಕೊಂಡವು. ಸಾಲ್ಮನ್ ಮರಳಿತು.

ಪಾಠಕ್ಕಿಂತ ಹೆಚ್ಚು ಕಲಿಸಿದವರು ಸಹಪಾಠಿಗಳು. ಇಥಿಯೋಪಿಯಾದವನೂ ಈಜಿಪ್ಟಿನವಳೂ ಒಂದೇ ಗುಂಪಿನಲ್ಲಿ ಕೂತು ನೈಲ್ ನದಿಯ ಲೆಕ್ಕ ಮಾಡುತ್ತಿದ್ದರು. ಇಥಿಯೋಪಿಯಾ 2011ರಲ್ಲಿ ಕಟ್ಟಲು ಶುರುಮಾಡಿದ ದೊಡ್ಡ ಅಣೆಕಟ್ಟೆ ಅವನಿಗೆ ಹಳ್ಳಿಗೆ ಬರುವ ಕರೆಂಟು, ಅವಳಿಗೆ ಹೊಲಕ್ಕೆ ಕುತ್ತು. ಬಾಂಗ್ಲಾದೇಶದ ಗೆಳೆಯ ಫರಕ್ಕಾ ಬ್ಯಾರೇಜಿನ ಬಗ್ಗೆ ಮಾತಾಡುವಾಗ ನಮ್ಮಪ್ಪನ ಧಾಟಿಯೇ ಅವನ ಬಾಯಲ್ಲಿತ್ತು: ಮೇಲಿನವರು ಬಿಟ್ಟರೆ ಉಂಟು. ಆ ಮೇಲಿನವರು ನನ್ನ ದೇಶದವರು.

ತಂಜಾವೂರಿನ ಬತ್ತದ ಗದ್ದೆಗಳಿಂದ ಬಂದ ಹುಡುಗಿಯೊಬ್ಬಳೂ ಇದ್ದಳು. ಮದ್ದೂರಿನಲ್ಲಿದ್ದಾಗ ನನಗೆ ಅಂಥವರು ಒಬ್ಬರೂ ಸಿಕ್ಕಿರಲಿಲ್ಲ. ಅವಳ ಮನೆಯಲ್ಲಿ ಬಾಯಿಪಾಠವಾಗಿದ್ದದ್ದು ಬೇರೆ ಲೆಕ್ಕ: ಮೆಟ್ಟೂರು ಅಣೆಕಟ್ಟೆ 120 ಅಡಿ, ಗೇಟು ತೆಗೆಯುವ ವಾಡಿಕೆಯ ದಿನ ಜೂನ್ 12. ಅಂದು ನೀರು ಬಂದರೆ ಕುರುವೈ ಬತ್ತದ ನಾಟಿ, ಇಲ್ಲದಿದ್ದರೆ ಆ ಬೆಳೆಯೇ ಕೈತಪ್ಪುತ್ತದೆ. ಒಂದು ಸಂಜೆ ನಾನು ನಮ್ಮ ನಾಲೆಯ ಕೊನೆ ಭಾಗದ ಪಾಡು ಹೇಳಿದೆ. ಅವಳು ಕೇಳಿದಳು: "ಹಾಗಾದರೆ ನಿಮ್ಮ ನಾಲೆಯಲ್ಲಿ ನೀವೂ ತಂಜಾವೂರಿನವರೇ ಅಲ್ಲವಾ?" ಮೇಲಿನವರ ಮೇಲೆ ನಮ್ಮಪ್ಪ ಹೇಳುವ ದೂರೂ ಅವಳಪ್ಪ ಹೇಳುವ ದೂರೂ ಒಂದೇ ಆಗಿದ್ದವು.

ಡಚ್ಚರಲ್ಲಿ ನೀರಿಗೆಂದೇ ಬೇರೆ ಸ್ಥಳೀಯ ಸರ್ಕಾರಗಳಿವೆ. ಅಂಥ 21 ನೀರಿನ ಮಂಡಳಿಗಳು ಇಂದೂ ನಡೆಯುತ್ತಿವೆ. ಕೆಲವಕ್ಕೆ ಹದಿಮೂರನೇ ಶತಮಾನದ ಇತಿಹಾಸವಿದೆ. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ, ಪ್ರತ್ಯೇಕ ತೆರಿಗೆ. ಫೋನಿನಲ್ಲಿ ಇದನ್ನು ಹೇಳಿದಾಗ ಅಪ್ಪ, "ಅಲ್ಲೂವೆ ನೀರ್ಗಂಟಿಗಳವ್ರಾ ಮಗ?" ಅಂದರು. ಇದ್ದಾರೆ ಎನ್ನುವುದೇ ಸರಿ ಅನ್ನಿಸಿತು. ನಮ್ಮ ಕೆರೆಗಳ ನೀರಗಂಟಿ ಊರಿನ ಒಪ್ಪಿಗೆಯಿಂದಲೇ ತೂಬು ಎತ್ತುತ್ತಿದ್ದವನು. ಹೊರದೇಶದ ವ್ಯವಸ್ಥೆಯನ್ನು ಕಂಡ ಮೇಲೆ ನಮ್ಮೂರಿನ ಪದ್ಧತಿಯ ಬೆಲೆ ನನಗೆ ಇನ್ನಷ್ಟು ತಿಳಿಯಿತು.

ಹಾಗೆಂದು ರೈನ್ ನದಿಯ ಮದ್ದು ಕಾವೇರಿಗೆ ನಾಟುವುದಿಲ್ಲ. ಅಲ್ಲಿ ದೊಡ್ಡ ಜಗಳ ನೀರಿನ ಶುದ್ಧಿಯದು. ಇಲ್ಲಿ ಮುಂಗಾರು ಕೈಕೊಟ್ಟ ವರ್ಷ ನೀರೇ ಇರುವುದಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75 ಟಿಎಂಸಿ ಎಂದು ನಿಗದಿ ಮಾಡಿತು. ಬರದ ವರ್ಷದ ಸಂಕಟವನ್ನು ಎರಡೂ ಕಡೆ ಹೇಗೆ ಹಂಚಿಕೊಳ್ಳಬೇಕು ಎಂಬುದು ಮಾತ್ರ ಇನ್ನೂ ಪ್ರತಿ ಬರದಲ್ಲೂ ಎದ್ದು ನಿಲ್ಲುತ್ತದೆ. ನನ್ನ ರಾಜ್ಯದ ಹಕ್ಕನ್ನು ನಾನು ಇಂದೂ ಅಷ್ಟೇ ಗಟ್ಟಿಯಾಗಿ ವಾದಿಸುತ್ತೇನೆ. ವಾದಿಸುವಾಗ ಎದುರಿಗಿರುವವರ ಗದ್ದೆಯೂ ಈಗ ಕಣ್ಣಮುಂದಿರುತ್ತದೆ.

ಹೊರಗೆ ಓದಲು ಹೊರಟವರಿಗೆ ನನ್ನದೊಂದು ಮಾತು. ಹೋಗುವಾಗ ನಿಮ್ಮ ಊರಿನದೊಂದು ಪ್ರಶ್ನೆಯನ್ನು ಕಟ್ಟಿಕೊಂಡು ಹೋಗಿ. ನಮ್ಮವರ ಜೊತೆಯಷ್ಟೇ ಇದ್ದುಬಿಡಬೇಡಿ. ಆ ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಬದುಕಿದವರ ಪಕ್ಕ ಕೂತು ಊಟ ಮಾಡಿ. ಇಷ್ಟು ಮಾಡದಿದ್ದರೆ ಎಷ್ಟು ದೇಶ ಸುತ್ತಿದರೂ ನೋಟ ಹಿಗ್ಗುವುದಿಲ್ಲ.

ಎಲ್ಲರಿಗೂ ಡೆಲ್ಫ್ಟ್‌ಗೆ ಹೋಗಲಾಗದು ನಿಜ. ಆದರೆ ನದಿಯ ಇನ್ನೊಂದು ತುದಿಯವರನ್ನು ಕಾಣಲು ಅಷ್ಟು ದೂರ ಹೋಗಬೇಕಿಲ್ಲ. 2003ರಲ್ಲಿ ಕಾವೇರಿಯ ಎರಡೂ ರಾಜ್ಯಗಳ ರೈತರು ಒಟ್ಟಿಗೆ ಕೂತು ಮಾತಾಡಲು 'ಕಾವೇರಿ ಕುಟುಂಬ' ಕಟ್ಟಿಕೊಂಡಿದ್ದರು. ಅವರು ಒಬ್ಬರ ಗದ್ದೆಗೆ ಒಬ್ಬರು ಹೋಗಿ ನೋಡಿ ಬಂದರು. ಮಂಡ್ಯದಿಂದ ತಂಜಾವೂರಿಗೆ ಒಂದು ರಾತ್ರಿಯ ರೈಲು ಪ್ರಯಾಣ. ನಮ್ಮ ಎಂಜಿನಿಯರಿಂಗ್ ಮತ್ತು ಕೃಷಿ ಕಾಲೇಜುಗಳು ವಿದ್ಯಾರ್ಥಿಗಳನ್ನು ಒಂದು ಬೆಳೆಯ ಕಾಲ ಅಲ್ಲಿಗೆ ಕಳಿಸಲಿ, ಅಲ್ಲಿನವರನ್ನು ನಮ್ಮ ನಾಲೆಯ ಕೊನೆ ಭಾಗಕ್ಕೆ ಕರೆಸಲಿ. ಮುಂದೆ ಈ ನದಿಯ ಬಗ್ಗೆ ತೀರ್ಮಾನ ಮಾಡುವ ಎಂಜಿನಿಯರುಗಳೂ ಅಧಿಕಾರಿಗಳೂ ಆಗುವವರು ಅವರೇ.