ಸುಂಕದ ಕಟ್ಟೆ ದಾಟುವ ಕಾರು

ಬ್ರಿಟನ್ನಿನಲ್ಲಿ ತಯಾರಾದ ದೊಡ್ಡ ಎಂಜಿನ್ನಿನ ಕಾರೊಂದು ನಮ್ಮ ಬಂದರಿನಲ್ಲಿ ಇಳಿದಾಗ ಅದರ ಬೆಲೆ 50 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಶೇ 110ರಷ್ಟು ಆಮದು ಸುಂಕ ಸೇರಿದರೆ 1.05 ಕೋಟಿ. ಅದರ ಮೇಲೆ ಶೇ 40ರಷ್ಟು ಜಿಎಸ್‌ಟಿ ಕಟ್ಟಿದರೆ 1.47 ಕೋಟಿ. ಅದೇ ಕಾರಿನ ಸುಂಕ ಶೇ 10ಕ್ಕೆ ಇಳಿದರೆ ಜಿಎಸ್‌ಟಿಯೂ ಸೇರಿ 77 ಲಕ್ಷಕ್ಕೆ ಲೆಕ್ಕ ಮುಗಿಯುತ್ತದೆ.

2025ರ ಜುಲೈ 24ರಂದು ಸಹಿ ಬಿದ್ದ ಭಾರತ–ಬ್ರಿಟನ್ ಒಪ್ಪಂದವು ಕೋಟಾದೊಳಗಿನ ಕಾರುಗಳ ಸುಂಕವನ್ನು ಹಂತ ಹಂತವಾಗಿ ಈ ಶೇ 10ಕ್ಕೇ ತರುತ್ತದೆ. 2026ರ ಜನವರಿ 27ರಂದು ಐರೋಪ್ಯ ಒಕ್ಕೂಟದ ಜೊತೆಗಿನ ಮಾತುಕತೆಯೂ ಮುಗಿದಿದೆ. ಅಲ್ಲಿಂದ ವರ್ಷಕ್ಕೆ 2.5 ಲಕ್ಷದವರೆಗೆ ಕಾರುಗಳು ಕಡಿಮೆ ಸುಂಕದಲ್ಲಿ ಬರಬಹುದು. ಉಳ್ಳವರ ಕಾರು ಅಗ್ಗವಾದರೆ ನಮಗೇನು ಎಂದು ಸುಮ್ಮನಿರುವ ಹಾಗಿಲ್ಲ. ಈ ಸುಂಕ ಏಕೆ ಇಷ್ಟು ಎತ್ತರಕ್ಕೆ ಏರಿತ್ತು ಎಂಬುದನ್ನು ತಿಳಿದರೆ, ಇಳಿಯುವಾಗ ಯಾರ ಕೆಲಸಕ್ಕೆ ಪೆಟ್ಟು ಬೀಳಬಹುದೆಂಬುದೂ ತಿಳಿಯುತ್ತದೆ.

ಜೋಡಣೆಯಿಂದ ತಯಾರಿಕೆಗೆ

ಜನರಲ್ ಮೋಟರ್ಸ್ 1928ರಲ್ಲೇ ಮುಂಬಯಿಯಲ್ಲಿ ಕಾರು ಜೋಡಿಸತೊಡಗಿತ್ತು. ಭಾಗಗಳು ಹಡಗಿನಲ್ಲಿ ಬರುತ್ತಿದ್ದವು, ಇಲ್ಲಿ ಬೋಲ್ಟು ಬಿಗಿಯುತ್ತಿದ್ದರು. ಇಲ್ಲಿಯೇ ತಯಾರಿಸುವ ಯೋಜನೆ ಇಲ್ಲದವರಿಗೆ ಜಾಗವಿಲ್ಲ ಎಂಬ ನಿಲುವನ್ನು 1953ರಲ್ಲಿ ಸುಂಕ ಆಯೋಗ ತಳೆಯಿತು. ಅದರ ಬೆನ್ನಿಗೇ ಜನರಲ್ ಮೋಟರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು.

ಆ ಕಾಲದ ಒಳ್ಳೆಯ ಫಲವನ್ನು ಬೆಂಗಳೂರು ಕಂಡಿದೆ. 1951ರಲ್ಲಿ ಹುಟ್ಟಿದ ಮೈಕೋ, ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪುಗಳನ್ನು ಮಾಡುತ್ತ ಒಂದಿಡೀ ತಲೆಮಾರಿಗೆ ಸೂಕ್ಷ್ಮ ಯಂತ್ರದ ಕೆಲಸ ಕಲಿಸಿತು. ಕೆಟ್ಟ ಫಲವೂ ಇತ್ತು. ಪೈಪೋಟಿಯೇ ಇಲ್ಲದ ಪೇಟೆಯಲ್ಲಿ ಅಂಬಾಸಿಡರ್ ದಶಕಗಟ್ಟಲೆ ಹೆಚ್ಚು ಬದಲಾಗದೆ ಓಡಿತು. ಹಣ ಕಟ್ಟಿದವರು ಕಾರಿಗಾಗಿ ವರ್ಷಗಟ್ಟಲೆ ಕಾದರು.

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800 ಬೇರೆ ದಾರಿ ತೋರಿಸಿತು. ಜಪಾನಿನ ಸುಜುಕಿ ಶೇ 26ರ ಪಾಲುದಾರನಾಗಿ ಬಂತು. ಬಿಡಿಭಾಗಗಳನ್ನು ಹಂತ ಹಂತವಾಗಿ ಇಲ್ಲಿಯೇ ಮಾಡಿಸಬೇಕು ಎಂಬುದು ಕರಾರು. ಹೊರಗಿನ ಕಾರನ್ನು ತಡೆದದ್ದರಿಂದಷ್ಟೇ ನಮ್ಮ ವಾಹನ ಉದ್ಯಮ ಬೆಳೆಯಲಿಲ್ಲ. ಒಳಗೆ ಬಂದವರಿಂದ ಕೆಲಸ ಕಲಿತದ್ದರಿಂದ ಬೆಳೆಯಿತು.

ಕರಾರು ಕೈತಪ್ಪಿದ ಮೇಲೆ

1997ರಲ್ಲಿ ಸರ್ಕಾರ ಈ ಪಾಠವನ್ನೇ ನೀತಿಯಾಗಿಸಿತು. ಹೊರಗಿನ ಕಂಪನಿ ಮೂರು ವರ್ಷದಲ್ಲಿ ಶೇ 50, ಐದು ವರ್ಷದಲ್ಲಿ ಶೇ 70ರಷ್ಟು ಭಾಗಗಳನ್ನು ದೇಶದೊಳಗೇ ಪಡೆಯಬೇಕು ಎಂದಿತು. ಅಮೆರಿಕ ಮತ್ತು ಐರೋಪ್ಯ ಒಕ್ಕೂಟ ವಿಶ್ವ ವ್ಯಾಪಾರ ಸಂಸ್ಥೆಯ ಕದ ತಟ್ಟಿದವು. 2001ರ ಡಿಸೆಂಬರ್‌ನಲ್ಲಿ ತೀರ್ಪು ಭಾರತದ ವಿರುದ್ಧ ಬಂತು. ‘ಇಲ್ಲಿಯೇ ಮಾಡಿ’ ಎಂದು ಕಟ್ಟಪ್ಪಣೆ ಮಾಡುವ ದಾರಿ ಅಲ್ಲಿಗೆ ಮುಚ್ಚಿತು.

ಉಳಿದದ್ದು ಸುಂಕವೊಂದೇ. ಪೂರ್ತಿ ತಯಾರಾಗಿ ಬರುವ ಕಾರಿಗೆ ಭಾರಿ ಸುಂಕ. ಎಂಜಿನ್, ಗೇರ್‌ಬಾಕ್ಸ್ ಸಹಿತ ಎಲ್ಲವನ್ನೂ ಬಿಡಿಬಿಡಿಯಾಗಿ ತಂದು ಇಲ್ಲಿ ಜೋಡಿಸುವ ಕಿಟ್‌ಗೆ ತೀರ ಕಡಿಮೆ, ಈಗ ಶೇ 15. ಈ ಅಂತರವೇ ಐಷಾರಾಮಿ ಕಾರಿನವರನ್ನು ಪುಣೆ, ಚೆನ್ನೈಗಳಿಗೆ ಕರೆತಂದಿತು. 2017ರಲ್ಲಿ ವೋಲ್ವೊ ಕಾರುಗಳ ಜೋಡಣೆ ಹೊಸಕೋಟೆಗೆ ಬಂದದ್ದರ ಹಿಂದೆಯೂ ಇದೇ ಲೆಕ್ಕವಿದೆ. ಸಿದ್ಧ ಕಾರಿನ ಸುಂಕವೇ ಶೇ 10ಕ್ಕೆ ಇಳಿದರೆ ಇಲ್ಲಿ ಏಕೆ ಜೋಡಿಸಬೇಕು ಎಂಬ ಪ್ರಶ್ನೆ ಏಳುವುದು ಸಹಜ. ಐರೋಪ್ಯ ಒಪ್ಪಂದದಲ್ಲಿ ಬಿಡಿಭಾಗಗಳ ಸುಂಕವೂ ಐದರಿಂದ ಹತ್ತು ವರ್ಷಗಳಲ್ಲಿ ಪೂರ್ತಿ ಹೋಗಲಿದೆ. ಕೋಟಾಕ್ಕೆ ಮಿತಿ ಇರುವುದರಿಂದ ಜೋಡಣೆ ಒಮ್ಮೆಲೇ ನಿಲ್ಲಲಾರದು. ಆದರೆ ಹೊಸ ಬಂಡವಾಳ ಹೂಡುವವರು ಇನ್ನು ಮುಂದೆ ಎರಡೂ ಕಡೆಯ ಲೆಕ್ಕವನ್ನು ತಾಳೆ ನೋಡುತ್ತಾರೆ.

ಬಿಡದಿಯ ಗೇರ್‌ಬಾಕ್ಸ್

ಒಪ್ಪಂದವೆಂದರೆ ನಷ್ಟವೇ ಎಂದುಕೊಳ್ಳುವವರು ಬಿಡದಿಯತ್ತ ನೋಡಬೇಕು. 2002ರಲ್ಲಿ ಅಲ್ಲಿ ಸ್ಥಾಪನೆಯಾದ ಟೊಯೊಟ ಕಿರ್ಲೋಸ್ಕರ್ ಆಟೊ ಪಾರ್ಟ್ಸ್ ಗೇರ್‌ಬಾಕ್ಸ್ ತಯಾರಿಸಿ ಹೊರದೇಶಗಳಿಗೆ ಕಳಿಸತೊಡಗಿತು. ಹೈಲಕ್ಸ್, ಇನ್ನೋವಾ, ಫಾರ್ಚೂನರ್‌ಗಳು ಸೇರಿದ ಯೋಜನೆಯಲ್ಲಿ ಟೊಯೊಟ ಕೆಲಸವನ್ನು ದೇಶಗಳಿಗೆ ಹಂಚಿತ್ತು. ಡೀಸೆಲ್ ಎಂಜಿನ್ ಥಾಯ್ಲೆಂಡಿನಿಂದ, ಪೆಟ್ರೋಲ್ ಎಂಜಿನ್ ಇಂಡೊನೇಷ್ಯಾದಿಂದ, ಗೇರ್‌ಬಾಕ್ಸ್ ಫಿಲಿಪ್ಪೀನ್ಸ್ ಮತ್ತು ಭಾರತದಿಂದ. 2004ರ ಸೆಪ್ಟೆಂಬರಿನಲ್ಲಿ ಭಾರತ–ಥಾಯ್ಲೆಂಡ್ ನಡುವೆ 82 ಸರಕುಗಳ ಸುಂಕ ಇಳಿಯತೊಡಗಿದಾಗ ಗೇರ್‌ಬಾಕ್ಸೂ ಆ ಪಟ್ಟಿಯಲ್ಲಿತ್ತು. ಬಾಗಿಲು ಎರಡೂ ಕಡೆ ತೆರೆಯುವಂಥದ್ದು. ಅಲ್ಲಿಂದ ಬರುವ ಭಾಗಗಳ ಬಗ್ಗೆ ನಮ್ಮ ತಯಾರಕರಿಗೆ ಆತಂಕವಿತ್ತು. ಇಲ್ಲಿಂದ ಹೋಗುವ ಭಾಗಗಳಿಂದ ಬಿಡದಿಗೆ ಕೆಲಸವಿತ್ತು.

ಇಂಥ ಒಪ್ಪಂದಗಳಲ್ಲಿ ಸರಕು ಯಾವ ದೇಶದ್ದು ಎಂಬ ನಿಯಮಕ್ಕೇ ಹೆಚ್ಚಿನ ತೂಕ. 2010ರಲ್ಲಿ ಜಾರಿಯಾದ ಆಸಿಯಾನ್ ಒಪ್ಪಂದದ ಸಾಮಾನ್ಯ ನಿಯಮದಂತೆ ಸರಕಿನ ಮೌಲ್ಯದಲ್ಲಿ ಕನಿಷ್ಠ ಶೇ 35 ಒಪ್ಪಂದದ ದೇಶಗಳೊಳಗೇ ಸೇರಿರಬೇಕು. ಮೂರನೆಯ ದೇಶದ ಮಾಲಿಗೆ ಹೊಸ ಹಣೆಪಟ್ಟಿ ಅಂಟಿಸಿ ರಿಯಾಯಿತಿ ಹೊಡೆದುಕೊಳ್ಳುವುದನ್ನು ತಡೆಯಲು ಈ ಬೇಲಿ. ಅದು ಸಡಿಲವಾದರೆ ಪೆಟ್ಟು ತಿನ್ನುವುದು ಸಣ್ಣ ಬಿಡಿಭಾಗ ತಯಾರಕರೇ.

ಸಿಕ್ಕಿರುವುದು ಸಮಯ

ಬ್ರಿಟನ್ ಒಪ್ಪಂದದಲ್ಲಿ ಮೊದಲ ವರ್ಷದ ಕೋಟಾ 20 ಸಾವಿರ ಕಾರು. 2024–25ರಲ್ಲಿ ದೇಶದೊಳಗೆ ಮಾರಾಟವಾದ ಪ್ರಯಾಣಿಕ ವಾಹನಗಳು ಸುಮಾರು 43 ಲಕ್ಷ. ಅದರ ಮುಂದೆ ಇದು ನೂರಕ್ಕೆ ಅರ್ಧವೂ ಅಲ್ಲ. ವಿದ್ಯುತ್ ಕಾರುಗಳಿಗೆ ಮೊದಲ ಐದು ವರ್ಷ ರಿಯಾಯಿತಿಯೇ ಇಲ್ಲ. ಆಮೇಲೂ 40 ಸಾವಿರ ಪೌಂಡಿಗಿಂತ ಕಡಿಮೆ ಬೆಲೆಯವಕ್ಕೆ ಇಲ್ಲ. ಅಲ್ಲಿಂದ ಬರುವ ಜಾಗ್ವಾರ್ ಲ್ಯಾಂಡ್ ರೋವರ್ 2008ರಿಂದ ಟಾಟಾ ಒಡೆತನದಲ್ಲಿದೆ. ಹೀಗಾಗಿ ಲಾಭ ಯಾರದು, ನಷ್ಟ ಯಾರದು ಎಂಬುದನ್ನು ದೇಶದ ಗಡಿ ನೋಡಿ ಹೇಳಲಾಗದು.

ಸಂಧಾನದಲ್ಲಿ ನಮಗೆ ದಕ್ಕಿದ ದೊಡ್ಡ ಸಂಪತ್ತು ಈ ಗಡುವುಗಳು. ಕಾರಿನ ಮೇಲೆ ಕರಾರು ಹೇರುವ ಅಧಿಕಾರ ಹೋಗಿದೆ, ಸುಂಕವೂ ಕರಗುತ್ತಿದೆ. ಐದು, ಹತ್ತು ವರ್ಷಗಳ ಈ ಬಿಡುವಿನಲ್ಲಿ ಪೀಣ್ಯದ ಸಣ್ಣ ವರ್ಕ್‌ಶಾಪಿಗೆ ಯುರೋಪಿನ ಗುಣಮಟ್ಟದ ಪ್ರಮಾಣಪತ್ರ ಪಡೆಯಲು ಸಾಲ ಮತ್ತು ಪರೀಕ್ಷಾ ಸೌಲಭ್ಯ ಸಿಗಬೇಕು. ಐಟಿಐ ಮತ್ತು ಜಿಟಿಟಿಸಿ ತರಬೇತಿ ಕೇಂದ್ರಗಳಲ್ಲಿ ಕಲಿಯುವ ಹುಡುಗ ಹುಡುಗಿಯರ ಕೈಗೆ ಬ್ಯಾಟರಿ, ಮೋಟರುಗಳ ಕೆಲಸ ಬರಬೇಕು. ಅಂಬಾಸಿಡರ್ ಕಾಲದಲ್ಲಿ ರಕ್ಷಣೆ ಇತ್ತು, ಕಲಿಕೆ ನಿಂತಿತ್ತು. ಈಗ ರಕ್ಷಣೆಗೆ ಕೊನೆಯ ದಿನಾಂಕ ಬಿದ್ದಿದೆ. ಕಲಿಕೆಗೆ ಹಣ ಮತ್ತು ಮನಸ್ಸು ಹೂಡಬೇಕಾದದ್ದು ಆ ದಿನಾಂಕಕ್ಕೆ ಮೊದಲೇ. ಆ ಹೊಣೆ ಕೇಂದ್ರದಷ್ಟೇ ರಾಜ್ಯ ಸರ್ಕಾರದ್ದೂ ಹೌದು.