ಮುರಿಯಲೆಂದೇ ಕಟ್ಟುವ ಸೇತುವೆ

ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ ಹಳೆಯದೊಂದು ಕಲ್ಲುಸೇತುವೆಯುಂಟು. ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿ, ಆಗಿನ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನಿಟ್ಟ ಸೇತುವೆ ಅದು. ಅದರ ಕಂಬಗಳು ಒತ್ತೊತ್ತಾಗಿ ನಿಂತಿವೆ. ಕಂಬದ ತಲೆಯ ಮೇಲೆ ಇಕ್ಕೆಲಕ್ಕೂ ಚಾಚಿಕೊಂಡ ಬೋದಿಗೆ. ಬೋದಿಗೆಯ ಮೇಲೆ ಕಲ್ಲಿನ ತೊಲೆ. ಹೀಗೇಕೆ ಕಟ್ಟಿದರು? ಉತ್ತರವನ್ನು ಬೆಳ್ಳೂರಿನಂಥ ಊರಿನ ಶಾಲೆಯ ಮೇಜಿನ ಮೇಲೆಯೇ ಕಂಡುಕೊಳ್ಳಬಹುದು.

ಉದ್ದನೆಯ ರಬ್ಬರೊಂದರ ಪಕ್ಕದಲ್ಲಿ ಸಮದೂರದ ನಿಲುಗೆರೆಗಳನ್ನೆಳೆದು, ಎರಡು ಪುಸ್ತಕಗಳ ಮೇಲೆ ಸೇತುವೆಯಂತೆ ಇಟ್ಟು ನಡುವೆ ಒತ್ತಿರಿ. ಮೇಲಂಚಿನ ಗೆರೆಗಳು ಹತ್ತಿರವಾಗುತ್ತವೆ. ಕೆಳಗಿನವು ದೂರ ಸರಿಯುತ್ತವೆ. ಭಾರ ಹೊತ್ತ ತೊಲೆ ಮೇಲೆ ಅದುಮಲ್ಪಡುತ್ತದೆ, ಕೆಳಗೆ ಎಳೆಯಲ್ಪಡುತ್ತದೆ. ಕಲ್ಲು ಅದುಮನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳಲಾರದು. ಆದುದರಿಂದಲೇ ಒತ್ತಾದ ಕಂಬಗಳು. ಆದುದರಿಂದಲೇ ತೊಲೆಯ ಹಾರುದೂರವನ್ನು ಇನ್ನಷ್ಟು ಕುಗ್ಗಿಸುವ ಬೋದಿಗೆ.

ಇನ್ನು ಹಂಚಿಕಡ್ಡಿಗಳನ್ನು ತೆಗೆದುಕೊಳ್ಳೋಣ. ನಾಲ್ಕು ಕಡ್ಡಿಗಳನ್ನು ದಾರದಿಂದ ಚೌಕವಾಗಿ ಕಟ್ಟಿ ಮೂಲೆಯನ್ನು ತಳ್ಳಿದರೆ ಅದು ವಾಲುತ್ತದೆ. ಕರ್ಣಕ್ಕೊಂದು ಕಡ್ಡಿ ಕಟ್ಟಿದೊಡನೆ ಬಿಗಿಯುತ್ತದೆ. ತ್ರಿಕೋನದ ಭುಜಗಳ ಉದ್ದ ಬದಲಾಗದೆ ಅದರ ಆಕಾರ ಬದಲಾಗದು. ರೈಲುಸೇತುವೆಗಳ ಉಕ್ಕಿನ ಚೌಕಟ್ಟಿನಲ್ಲಿ ನಾವು ಕಾಣುವ ತ್ರಿಕೋನಗಳ ಗುಟ್ಟು ಇಷ್ಟೆ.

ಆದರೆ ನಿಜವಾದ ಪಾಠವಿರುವುದು ಪರೀಕ್ಷೆಯಲ್ಲಿ. ಹುಡುಗರು ಕಟ್ಟಿದ ಸೇತುವೆಯ ನಡುವಿಗೆ ಒಂದು ಡಬ್ಬವನ್ನು ತೂಗುಹಾಕಿ, ಹಿಡಿಹಿಡಿಯಾಗಿ ಮರಳು ತುಂಬಬೇಕು. ಎಲ್ಲಿ ಮುರಿದೀತೆಂಬ ಊಹೆಯನ್ನು ಮೊದಲೇ ಬರೆದಿಟ್ಟಿರಬೇಕು. ಮುರಿದ ಮೇಲೆ ಡಬ್ಬದ ತೂಕವನ್ನು ಸೇತುವೆಯ ತೂಕದಿಂದ ಭಾಗಿಸಬೇಕು. ಹೆಚ್ಚು ಹೊತ್ತದ್ದಕ್ಕಿಂತ, ತನ್ನ ತೂಕದ ಹೆಚ್ಚು ಪಾಲು ಹೊತ್ತದ್ದೇ ಜಾಣ ಸೇತುವೆ. ಅನೇಕ ವೇಳೆ ಕಡ್ಡಿ ಮುರಿದಿರುವುದಿಲ್ಲ, ಕಟ್ಟಿದ ಗಂಟು ಜಾರಿರುತ್ತದೆ. ಬಲವಿದ್ದುದು ವಸ್ತುವಿನಲ್ಲಿ, ದೌರ್ಬಲ್ಯವಿದ್ದುದು ಕೂಡಿಕೆಯಲ್ಲಿ!

ಮುರಿದ ಸೇತುವೆಗೆ ಅಂಕ ಕಳೆಯುವ ಮೇಷ್ಟರು ಈ ಪಾಠವನ್ನೇ ಕಳೆದಂತೆ. ತನ್ನ ಊಹೆ ತಪ್ಪಾಯಿತೆಂದು ನಾಚದೆ ಒಪ್ಪಿ, ಗಂಟನ್ನು ಬಿಗಿದು ಮತ್ತೆ ಕಟ್ಟುವ ಹುಡುಗಿ ಮುಂದೆ ಎಂಜಿನಿಯರಳಾಗಬಹುದು, ಆಗದಿರಬಹುದು. ಆದರೆ ನಮ್ಮೂರ ಹಳ್ಳಕ್ಕೆ ಕಾಲುಸೇತುವೆ ಹಾಕಿದ ದಿನ, ಇದು ಎಷ್ಟು ಭಾರ ಹೊತ್ತೀತು, ಯಾರು ಪರೀಕ್ಷಿಸಿದರು ಎಂದು ಕೇಳುವವಳು ಅವಳೇ. ಮೇಜಿನ ಮೇಲೆ ಮುರಿದರೆ ಚೆಲ್ಲುವುದು ಮರಳು. ಹೊಳೆಯ ಮೇಲೆ ಮುರಿದರೆ ಹೋಗುವುದು ಜೀವ.