ಅರವತ್ತು ಕಿಲೋ ಅಣಬೆಗೆ ಮುನ್ನೂರು ಗ್ರಾಂ ಪುಡಿ

ಜಪಾನಿನ ಗೊರೊ ಚಿಹಾರಾ ತಂಡ 1970ರ ಸುಮಾರಿಗೆ ಶಿಟಾಕೆ ಅಣಬೆಯಿಂದ ಲೆಂಟಿನಾನ್ ಎಂಬ ಪಾಲಿಸ್ಯಾಕರೈಡನ್ನು ಶುದ್ಧವಾಗಿ ಬೇರ್ಪಡಿಸಿತು. 200 ಕಿಲೋ ಹಸಿ ಅಣಬೆಗೆ ಕೈಗೆ ಬಂದದ್ದು 31 ಗ್ರಾಂ. ಅಣಬೆಯ ಕೋಶಭಿತ್ತಿಯಲ್ಲಿರುವ ಈ ಉದ್ದನೆಯ ಸಕ್ಕರೆ ಸರಪಳಿಗಳ ಬೆಲೆ ಏಕೆ ಏರುತ್ತದೆ ಎಂಬುದಕ್ಕೆ ಈ ಎರಡು ಅಂಕಿಗಳೇ ಉತ್ತರ.

ಇದೇ ಲೆಕ್ಕವನ್ನು ಕಾರವಾರದ ಬಳಿ ಕಾಳಿ ನದಿ ದಂಡೆಯಲ್ಲಿರುವ ಕದ್ವಾಡಕ್ಕೆ ಹಾಕಿ ನೋಡೋಣ. ಬತ್ತದ ಕೊಯ್ಲು ಮುಗಿದ ಮೇಲೆ ಹುಲ್ಲು ಉಳಿಯುತ್ತದೆ, ಚಿಪ್ಪು ಅಣಬೆಗೆ ಅದು ಸಾಕು. 100 ಕಿಲೋ ಒಣಹುಲ್ಲಿಗೆ 60 ಕಿಲೋ ಹಸಿ ಅಣಬೆ ಎನ್ನುವುದು ಅತಿಯಾಸೆಯಿಲ್ಲದ ಅಂದಾಜು. ಅಣಬೆಯಲ್ಲಿ ಶೇ. 90 ನೀರು, ಆದ್ದರಿಂದ ಒಣಗಿಸಿದರೆ 6 ಕಿಲೋ. ಅದರಲ್ಲಿ ನಾಲ್ಕನೆಯ ಒಂದು ಪಾಲು ಬೀಟಾ-ಗ್ಲೂಕಾನ್, ಅಂದರೆ ಲೆಂಟಿನಾನ್ ಬಗೆಯ ಪಾಲಿಸ್ಯಾಕರೈಡ್, ಎಂದು ಹಿಡಿದರೆ ಒಂದೂವರೆ ಕಿಲೋ ಇದೆ. ಆದರೆ ಅದರ ಬಹುಪಾಲು ಬಿಸಿನೀರಿಗೆ ಕರಗುವುದಿಲ್ಲ. ಒಣತೂಕದ ಶೇ. 5ರಷ್ಟು, ಅಂದರೆ 300 ಗ್ರಾಂ ಕಚ್ಚಾ ಪುಡಿ ಸಿಕ್ಕಿತೆನ್ನೋಣ.

ಈಗ ಖರ್ಚು. ಕಿಲೋಗೆ 20 ಲೀಟರಿನಂತೆ 120 ಲೀಟರ್ ನೀರಿನಲ್ಲಿ ಒಣ ಅಣಬೆಯನ್ನು ಕುದಿಸಿ, ಸೋಸಿ, 12 ಲೀಟರಿಗೆ ಇಳಿಸಬೇಕು. 108 ಲೀಟರ್ ಆವಿಯಾಗಬೇಕೆಂದರೆ ಒಲೆಯಲ್ಲಿ ಅರ್ಧ ಶಾಖ ವ್ಯರ್ಥವಾಗುವುದನ್ನೂ ಸೇರಿಸಿ ಸುಮಾರು 12 ಕಿಲೋ ಗ್ಯಾಸ್ ಬೇಕು. ಮನೆಯ ಒಂದು ಸಿಲಿಂಡರಿನಲ್ಲಿರುವುದೇ 14.2 ಕಿಲೋ! ಆಮೇಲೆ ಮೂರು ಪಟ್ಟು, ಅಂದರೆ 36 ಲೀಟರ್ ಇಥೆನಾಲ್ ಸುರಿದರೆ ಪಾಲಿಸ್ಯಾಕರೈಡ್ ಬಿಳಿ ನೂಲಿನಂತೆ ತಳಕ್ಕೆ ಇಳಿಯುತ್ತದೆ. ಭಟ್ಟಿ ಇಳಿಸಿ ಶೇ. 80 ಮರಳಿ ಪಡೆದರೂ 7.2 ಲೀಟರ್ ನಷ್ಟ.

ದರಗಳನ್ನು ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಂಡಿದ್ದೇನೆ: ಹಸಿ ಅಣಬೆ ಕಿಲೋಗೆ 200 ರೂಪಾಯಿ, ಗ್ಯಾಸ್ ಕಿಲೋಗೆ 90, ಇಥೆನಾಲ್ ಲೀಟರಿಗೆ 300. ಅಣಬೆಗೆ 12,000, ಗ್ಯಾಸಿಗೆ 1,080, ಇಥೆನಾಲಿಗೆ 2,160, ಒಟ್ಟು 15,240. ಗ್ರಾಂಗೆ ಸುಮಾರು 51 ರೂಪಾಯಿ, ಕೂಲಿ ಬೇರೆ. ಪ್ರೋಟೀನು ತೆಗೆದು, ಡಯಾಲಿಸಿಸ್ ಮಾಡಿ, ಕಾಲಂನಲ್ಲಿ ಹಾಯಿಸಿದಾಗ 100 ಗ್ರಾಂ ಉಳಿದರೆ ಅದೇ 152 ರೂಪಾಯಿ.

ಖರ್ಚಿನ ಐದರಲ್ಲಿ ನಾಲ್ಕು ಪಾಲು ಅಣಬೆಯದ್ದೇ. ಹಾಗಾಗಿ ಮಾರಾಟವಾಗುವ ಅಣಬೆಯನ್ನು ಕುದಿಸುವುದು ತಪ್ಪು ಎಂಬುದೇ ನನ್ನ ವಾದ. ಕೊಳ್ಳುವವರು ಒಲ್ಲದ ಗಟ್ಟಿ ದೇಟುಗಳಿವೆಯಲ್ಲ! ಚಿಪ್ಪು ಅಣಬೆಯ ದೇಟಿನಲ್ಲಿ ಕರಗದ ಗ್ಲೂಕಾನ್ ಛತ್ರಿಗಿಂತ ಹೆಚ್ಚು. ದೇಟಿಗೆ ಕಿಲೋಗೆ 20 ರೂಪಾಯಿ ಕೊಟ್ಟು ಅಷ್ಟೇ ಇಳುವರಿ ಪಡೆದರೂ ಕಚ್ಚಾ ಪುಡಿ ಗ್ರಾಂಗೆ 15 ರೂಪಾಯಿಗೆ ಇಳಿಯುತ್ತದೆ. ಕರಗದೆ ಉಳಿದದ್ದನ್ನು ಶೇ. 4ರ ಕಾಸ್ಟಿಕ್ ಸೋಡಾದಲ್ಲಿ ಕುದಿಸಿದರೆ ಇನ್ನಷ್ಟು ಗ್ಲೂಕಾನ್ ಬಿಡುತ್ತದೆ, ಕೊನೆಗೆ ಕೈಟಿನ್ ಅಂಟಿಕೊಂಡ ಗ್ಲೂಕಾನ್ ಉಳಿಯುತ್ತದೆ.

ಈ ಕೈಟಿನ್ ಕಾರವಾರದವರಿಗೆ ದೂರದ್ದಲ್ಲ, ಶೆಟ್ಲಿ (ಸಿಗಡಿ) ಸಿಪ್ಪೆಯಲ್ಲಿ ಇರುವುದೂ ಅದೇ. ಆದರೆ 1811ರಲ್ಲಿ ಫ್ರಾನ್ಸಿನ ಆನ್ರಿ ಬ್ರಕೊನೊ ಅದನ್ನು ಮೊದಲು ಕಂಡದ್ದು ಅಣಬೆಯಲ್ಲಿ. ಸಿಪ್ಪೆಯಲ್ಲಿ ಸುಣ್ಣದ ಅಂಶ ತುಂಬಿರುವುದರಿಂದ ಆಮ್ಲದಲ್ಲಿ ತೊಳೆಯಲೇಬೇಕು, ಅಣಬೆಗೆ ಆ ಖರ್ಚಿಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಆರ್. ಎನ್. ತಾರಾನಾಥನ್ ಮತ್ತು ಸಹೋದ್ಯೋಗಿಗಳು ಕೈಟಿನ್ ಮತ್ತು ಅದರಿಂದ ತಯಾರಾಗುವ ಕೈಟೋಸಾನ್ ಕುರಿತು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಪುಡಿ ಸಿಕ್ಕ ಮಾತ್ರಕ್ಕೆ ಮುಗಿಯಲಿಲ್ಲ, ಅದು ಏನೆಂದು ತೋರಿಸಬೇಕು. 1956ರಿಂದ ಬಳಕೆಯಲ್ಲಿರುವ ಫೀನಾಲ್-ಸಲ್ಫ್ಯೂರಿಕ್ ಆಮ್ಲ ಪರೀಕ್ಷೆ 490 ನ್ಯಾನೊಮೀಟರಿನಲ್ಲಿ ಒಟ್ಟು ಸಕ್ಕರೆ ಎಷ್ಟೆಂದು ಹೇಳುತ್ತದೆ, ಯಾವ ಸಕ್ಕರೆ ಸರಪಳಿ ಎಂದು ಹೇಳುವುದಿಲ್ಲ. ಇನ್‌ಫ್ರಾರೆಡ್‌ನಲ್ಲಿ 890 ಸೆಂ.ಮೀ.⁻¹ ಬಳಿಯ ಗುರುತು, ಎನ್‌ಎಂಆರ್‌ನಲ್ಲಿ 103 ಪಿಪಿಎಂ ಸುಮಾರಿನ ಗೆರೆ ಬೀಟಾ ಕೊಂಡಿಗೆ ಸಾಕ್ಷಿ. ಜೋಳದ ಕಾಳಿನ ಮೇಲೆ ಬೆಳೆಸಿದ ಶಿಲೀಂಧ್ರವನ್ನು ಕಾಳಿನ ಸಮೇತ ಅರೆದರೆ ಪಿಷ್ಟವೂ ಪಾಲಿಸ್ಯಾಕರೈಡ್ ಲೆಕ್ಕಕ್ಕೆ ಸೇರಿ ಅಂಕಿ ಉಬ್ಬುತ್ತದೆ. ಅಂಥ ಪುಡಿಗೆ ಒಂದು ಹನಿ ಅಯೋಡಿನ್ ಬಿಟ್ಟರೆ ನೀಲಿಯಾಗುತ್ತದೆ. ಪಿಷ್ಟ ಕಳೆದ ಬೀಟಾ-ಗ್ಲೂಕಾನ್ ಪ್ರಮಾಣ ನೀವು ಕೊಳ್ಳುವ ಪುಡಿಯ ಡಬ್ಬಿಯ ಮೇಲೆ ಇಲ್ಲದಿದ್ದರೆ, ಹಣ ಕೊಡುವ ಮೊದಲು ಅದನ್ನು ಕೇಳಿ.